ವಿಮಾನದ ಬಾಲದಲ್ಲಿ ಮೂರು ಚುಕ್ಕೆ

ನನ್ನ ಕಾಕಾನ ಬಾಯಿ ಮುಚ್ಚಿಸಲು ನಾನೊಂದು ವಿಮಾನ ಹುಡುಕಬೇಕಾಯಿತು. ಮೂರು ವರ್ಷ ಹಿಡಿಯಿತು. ಹಳೆಯ ವಿಮಾನಗಳ ಮೇಲೆ ನಿಮಗೆ ಅಷ್ಟು ಪ್ರೀತಿಯೇ ಎಂದು ಯಾರಾದರೂ ಕೇಳಿದಾಗ ಹೌದೆಂದು ತಲೆಯಾಡಿಸಿದ್ದೇನೆ. ಸುಳ್ಳು. ಹೊಟ್ಟೆಯೊಳಗೆ ಇದ್ದದ್ದು ಸಿಟ್ಟು, ಬೇರೇನೂ ಅಲ್ಲ.

ಅಪ್ಪ ವಾಯುಪಡೆಯಲ್ಲಿ ಒಂಬತ್ತು ವರ್ಷ ಇದ್ದ. ಡಕೋಟ ಎಂಬ ಸಾಗಣೆ ವಿಮಾನಗಳ ಮೈ ರಿಪೇರಿ ಅವನ ಕೆಲಸ. ಹರಿದ ತಗಡಿಗೆ ತೇಪೆ ಇಟ್ಟು ರಿವೆಟ್ ಹೊಡೆಯುವುದು. ಅಜ್ಜ ಹಾಸಿಗೆ ಹಿಡಿದಾಗ, ಪಿಂಚಣಿ ಸಿಗುವಷ್ಟು ವರ್ಷ ತುಂಬುವ ಮೊದಲೇ, ಕೆಲಸ ಬಿಟ್ಟು ನಮ್ಮೂರು ಮೋಟೆಬೆನ್ನೂರಿಗೆ ಬಂದ. ತಂದ ಕಾಗದಪತ್ರಗಳನ್ನು ಟ್ರಂಕಿನಲ್ಲಿಟ್ಟ. ಟ್ರಂಕಿನ ತಳ ತುಕ್ಕು ಹಿಡಿದು, ಗೆದ್ದಲು ಒಳಹೊಕ್ಕು, ಒಂದು ಹಾಳೆಯನ್ನೂ ಉಳಿಸಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ನಡುವೆ ಪಾಲಾಯಿತು. ನನಗಾಗ ಹನ್ನೊಂದು ವರ್ಷ. ಪಡಸಾಲೆಯಲ್ಲಿ ಊರಿನ ಐದು ಮಂದಿ ಹಿರಿಯರು ಕೂತಿದ್ದರು. ಅವರೆದುರು ಅಪ್ಪನ ತಮ್ಮ, ನನ್ನ ಕಾಕಾ, ಎದ್ದು ನಿಂತು ಹೇಳಿದ:

"ನಮ್ಮಣ್ಣ ಯಾವ ವಿಮಾನಾನೂ ಮುಟ್ಟಿಲ್ರಿ. ಪುಣೇದಾಗ ಹೋಟೆಲಿನ್ಯಾಗ ಕಪ್ಪು-ಬಸಿ ತೊಳ್ಕೊಂತ ಇದ್ದ. ಹೊಲದಾಗ ದುಡದಾಂವ ನಾನು."

ಅಪ್ಪ ಮಾತುಗಾರನಲ್ಲ. ತಡವರಿಸುತ್ತ, "ಒಂದು ವಿಮಾನದಾಗ ಬಾಲದ ಕಡೆ, ಎಡಗಡೆ, ನಾ ತ್ಯಾಪಿ ಹಾಕೇನ್ರಿ. ಅದರ ಮ್ಯಾಲ ನಮ್ಮ ಚೀಲದ ಗುರುತು ಹೊಡದೇನಿ," ಎಂದ.

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವಾಗ ಚೀಲ ಅದಲುಬದಲಾಗದಿರಲೆಂದು ನಮ್ಮ ಕಡೆಯ ಮನೆಗಳವರು ತಮ್ಮತಮ್ಮ ಗುರುತು ಬರೆಯುತ್ತಿದ್ದರು. ನಮ್ಮದು ಬಟ್ಟಲಿನಂಥ ಅರ್ಧಚಂದ್ರ, ಅದರ ಮೇಲೆ ಮೂರು ಚುಕ್ಕೆ. ಅಜ್ಜನ ಕಾಲದ್ದು.

"ಹಂಗಾರ ಆ ವಿಮಾನ ತರಸು, ನೋಡೂಣು!" ಎಂದ ಕಾಕಾ. ಹಿರಿಯರು ನಕ್ಕರು. ಒಬ್ಬರಂತೂ ರುಮಾಲು ಜಾರುವಷ್ಟು ನಕ್ಕರು. ಫಲವತ್ತಾದ ಎರೆಹೊಲ ಕಾಕಾನಿಗೆ ಹೋಯಿತು, ಕಲ್ಲು ತುಂಬಿದ ಗರಸು ನೆಲ ಅಪ್ಪನ ಪಾಲಿಗೆ ಬಂತು. ಅಂದಿನಿಂದ ಊರಲ್ಲಿ ಅಪ್ಪನ ಹೆಸರು ಕಪ್ಪು-ಬಸಿ. ಮದುವೆಯ ಪಂಕ್ತಿಯಲ್ಲಿ ಕೂತರೆ, "ಡಕೋಟ ಗಾಡಿ ಬಂತು, ಜಾಗಾ ಬಿಡ್ರಿ," ಎನ್ನುತ್ತಿದ್ದ ಕಾಕಾ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನು ಹಾಗೆ ಉಣ್ಣುವುದನ್ನು ನೋಡಿ ನೋಡಿ ನಾನು ದೊಡ್ಡವಳಾದೆ.

ಅಪ್ಪ ಹೋದ. ಮಣ್ಣು ಮಾಡಿ ಬರುವಾಗ ಕಾಕಾ ಬೀಗರೊಬ್ಬರ ಹತ್ತಿರ ಹೇಳುತ್ತಿದ್ದ: "ಕರಕೊಂಡು ಹೋಗಾಕ ವಿಮಾನ ಬರತೈತಿ ಅಂತ ಕಾಯ್ಕೊಂತ ಇದ್ದ ಅಂತ ಕಾಣತೈತಿ. ಬರಲೇ ಇಲ್ಲ ನೋಡ್ರಿ." ನನ್ನ ಕೈಯಲ್ಲಿ ಆಗ ನೀರಿನ ತಂಬಿಗೆ ಇತ್ತು. ಅವನ ತಲೆಗೆ ಬೀಸಿ ಎಸೆಯದೆ ಬಿಟ್ಟದ್ದು ನನ್ನ ದೊಡ್ಡತನವಲ್ಲ, ಅವ್ವ ಪಕ್ಕದಲ್ಲೇ ಇದ್ದಳು, ಅದಕ್ಕೆ.

ಮೊದಲು ಸುಲಭದ ದಾರಿ ಹಿಡಿದೆ. ವಾಯುಪಡೆಯ ಕಚೇರಿಗೆ ಅರ್ಜಿ ಬರೆದು ಅಪ್ಪನ ಸೇವೆಯ ವಿವರ ತರಿಸಿದೆ. ಒಂದೇ ಹಾಳೆ, ಆದರೆ ಸಾಕಿತ್ತು: ಹೆಸರು, ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ. ಕಾಕಾನ ಮುಂದೆ ಹಿಡಿದೆ. ಅವನು ಓದಲೂ ಇಲ್ಲ.

"ಹಾವೇರಿ ಕೋರ್ಟಿನ ಮುಂದ ಹೋಗವಾ, ಇಂಥಾ ಕಾಗದಾ ಬೇಕಾದಷ್ಟು ಟೈಪ್ ಮಾಡಿ ಕೊಡ್ತಾರ. ನಾ ಕೇಳಿದ್ದು ವಿಮಾನ."

ಆಯಿತು, ವಿಮಾನವೇ ಬೇಕೆಂದರೆ ವಿಮಾನವನ್ನೇ ತರುತ್ತೇನೆ ಎಂದುಕೊಂಡೆ.

ಅಪ್ಪ ಕೊನೆಯವರೆಗೂ ಮರೆಯದೆ ಹೇಳುತ್ತಿದ್ದ ಒಂದು ಸಂಖ್ಯೆ ನನ್ನ ಬಳಿ ಇತ್ತು, ಆ ಡಕೋಟದ ಬಾಲದ ಮೇಲೆ ಬರೆದಿದ್ದದ್ದು. ಹಾವೇರಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಸಿಕ್ಕರು. "ಮನಷ್ಯಾನ ಕಾಗದ ಕಳೀಬಹುದವಾ, ವಿಮಾನದ್ದು ಲಗೂನ ಕಳ್ಯಾಂಗಿಲ್ಲ," ಎಂದು ಅವರು ತಮ್ಮ ಹಳೆಯ ಜೊತೆಗಾರರಿಗೆ ಕಾಗದ ಬರೆದರು. ರಾಣೆಬೆನ್ನೂರಿನ ನನ್ನ ಬೀಜದ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಉತ್ತರಗಳು ಒಂದೊಂದಾಗಿ ಬಂದು ಬಿದ್ದವು. ಬಿತ್ತನೆಯ ಹಂಗಾಮಿನಲ್ಲಿ ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಲಕೋಟೆ ಒಡೆಯುತ್ತಿದ್ದೆ.

ಆ ವಿಮಾನ ಬೆಟ್ಟದ ಮೇಲಿನ ಸೇನಾ ಠಾಣೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಇಳಿಸಿತ್ತು. ಗಾಯಗೊಂಡವರನ್ನು ಹೊತ್ತು ತಂದಿತ್ತು. ಒಮ್ಮೆ ಇಳಿಯುವಾಗ ಬಾಲ ಉಜ್ಜಿಕೊಂಡು ತಗಡು ಹರಿದಿತ್ತು, ಅದನ್ನು ಸರಿಮಾಡಿದ ನೆಲೆ ಅಪ್ಪ ಇದ್ದ ನೆಲೆಯೇ. ಅದನ್ನು ಓದಿದ ದಿನ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಮನೆಗೆ ಹೋಗಿ ಅತ್ತೆ. ಆಮೇಲೆ ವಿಮಾನವನ್ನು ಖಾಸಗಿಯವರಿಗೆ ಮಾರಿದ್ದರು. ಅವರ ಕೈಯಲ್ಲಿ ಕೆಲವು ಕಾಲ ಹಾರಿ, ಯಾವುದೋ ಮೈದಾನದ ಅಂಚಿನಲ್ಲಿ ಟೈರು ಕೊಳೆಯುವವರೆಗೆ ನಿಂತು, ಗುಜರಿಯವನ ಪಾಲಾಗಿತ್ತು. ಗುಜರಿಯವನು ರೆಕ್ಕೆ ಕತ್ತರಿಸಿ ಮಾರಿದ್ದ. ಉಳಿದ ಮೈಯನ್ನು ಪುಣೆಯ ಕಡೆಯ ಹೆದ್ದಾರಿಯಲ್ಲಿ ಒಬ್ಬರು ಕೊಂಡು, ಒಳಗೆ ಮೇಜು ಕುರ್ಚಿ ಹಾಕಿಸಿದ್ದರು.

ಹೌದು, ಹೋಟೆಲು. ನನ್ನ ಅಪ್ಪನ ವಿಮಾನ ಪುಣೆಯ ಹತ್ತಿರ ಹೋಟೆಲಾಗಿತ್ತು! ಕಾಗದ ಓದಿ ನನ್ನ ಹಣೆಬರಹಕ್ಕೆ ನಾನೇ ಬೈದುಕೊಂಡೆ.

ಆದರೂ ಹೋದೆ. ಬಾಲದ ಕಡೆ ಕಪ್ಪು-ಬಸಿ ತೊಳೆಯುವ ಕಲ್ಲು ಹಾಕಿದ್ದರು. ನಲ್ಲಿಯ ಪಕ್ಕ, ಎಡಗಡೆ, ಬಣ್ಣದಡಿಯಲ್ಲಿ ಅಂಗೈ ಅಗಲದ ತೇಪೆ. ಬೆರಳಾಡಿಸಿದರೆ ಉಳಿಯಿಂದ ಕುಟ್ಟಿದ ತಗ್ಗುಗಳು ತಾಗಿದವು. ಮಾಲೀಕರ ಅಪ್ಪಣೆ ಕೇಳಿ ಬಣ್ಣ ಕೆರೆದೆ. ಅರ್ಧಚಂದ್ರ ಇತ್ತು, ಮೂರು ಚುಕ್ಕೆಯೂ ಇದ್ದವು. ಆದರೆ ಎಲ್ಲ ತಲೆಕೆಳಗು. ಬಟ್ಟಲು ಬೋರಲಾಗಿ, ಚುಕ್ಕೆಗಳು ಅದರ ಕೆಳಗೆ. ಇದು ನಮ್ಮ ಗುರುತೇ ಅಲ್ಲ ಎಂದು ಕಾಕಾ ಒಂದು ಮಾತು ಅಂದರೆ ಮೂರು ವರ್ಷದ ಅಲೆದಾಟ ನೀರಲ್ಲಿ ಮಾಡಿದ ಹೋಮ. ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯಲೆಂದು ನೆಲವೂ ಕಾಣುವಂತೆ ಫೋಟೊ ತೆಗೆದುಕೊಂಡೆ. ತಿರುಗಿಸಿ ಹಿಡಿದು ಮೋಸ ಮಾಡಲು ಮನಸ್ಸಾಗಲಿಲ್ಲ.

ಮನೆಯೊಳಗೆ ತೋರಿಸಿದರೆ ಏನು ಬಂತು? ಮರ್ಯಾದೆ ಹೋದದ್ದು ಊರ ಮುಂದೆ. ಸುಗ್ಗಿಯ ಒಂದು ಸೋಮವಾರ ಬ್ಯಾಡಗಿ ಪೇಟೆಗೆ ಹೋದೆ. ದಲಾಲಿ ಅಂಗಡಿಯ ಮುಂದೆ ಕಾಕಾ ತನ್ನ ಚೀಲಗಳ ನಡುವೆ ಕೂತಿದ್ದ. ಪ್ರತಿ ಚೀಲದ ಮೇಲೂ ಅರ್ಧಚಂದ್ರ, ಮೂರು ಚುಕ್ಕೆ. ಪಕ್ಕದಲ್ಲಿ, ಅಂದು ರುಮಾಲು ಜಾರುವಂತೆ ನಕ್ಕ ಹಿರಿಯರು. ಐವರಲ್ಲಿ ಉಳಿದವರು ಅವರೊಬ್ಬರೇ. ಸುತ್ತ ಊರಿನ ಹತ್ತಾರು ಜನ ಮೆಣಸಿನ ಘಾಟಿಗೆ ಸೀನುತ್ತ ನಿಂತಿದ್ದರು.

"ವಿಮಾನ ತಂದೇನ್ರಿ, ಕಾಕಾ," ಎಂದು ಮೊದಲ ಫೋಟೊ ಕೊಟ್ಟೆ. ಇಡೀ ವಿಮಾನ, ಬಾಗಿಲ ಮೇಲೆ ಹೋಟೆಲಿನ ಬೋರ್ಡು.

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಟೆಲ್ಲು! ನೋಡ್ರಿ, ನಾ ಅಂದಿದ್ದಿಲ್ಲೇನು!" ಎಲ್ಲರೂ ನಕ್ಕರು. ಅವನು ಹಾಗೆ ನಗುತ್ತಾನೆಂದು ನನಗೆ ಗೊತ್ತಿತ್ತು. ನಗು ಮುಗಿಯುವವರೆಗೆ ಕಾದು ಎರಡನೆಯದನ್ನು ಕೈಗಿತ್ತೆ.

ಕಾಕಾ ಮೂಗಿನ ಮೇಲೆ ಚಾಳೀಸು ಏರಿಸಿದ. ಬಹಳ ಹೊತ್ತು ನೋಡಿದ.

"ಉಲ್ಟಾ ಐತಿ," ಎಂದ.

ಮುಗಿಯಿತು ಅಂದುಕೊಂಡೆ. ಆದರೆ ಅವನು ಫೋಟೊದಿಂದ ಕಣ್ಣು ಕೀಳಲಿಲ್ಲ. ಯಾರಿಗೂ ಹೇಳದವನ ಹಾಗೆ ತನ್ನಷ್ಟಕ್ಕೆ ಮಾತಾಡಿದ: "ಅಂವ ಯಾವಾಗ್ಲೂ ಉಲ್ಟಾನ ಹಾಕ್ತಿದ್ದ. ಚೀಲದ ಬಾಯಿ ಕಡೆ ನಿಂತು ಬಗ್ಗಿ ಬರದು ಬರದು ಕೈಗೆ ಅದ ರೂಢಿ ಬಿದ್ದಿತ್ತು. ಒಂದ್ ಸಲ ಚಕ್ಕಡಿ ತುಂಬ ಹಂಗ ಬರದಿದ್ದಕ್ಕ ನಮ್ಮಪ್ಪ ಬಾರಕೋಲ್ಲೆ ಹೊಡದಿದ್ದ. ಬಿಡಸಾಕ ಹೋಗಿ ನನಗೂ ಬಿದ್ದಿದ್ವು."

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ಭೂಮಿಯ ಮೇಲೆ ಅವನೊಬ್ಬನೇ.

ಹಿರಿಯರು ಕೇಳಿದರು: "ಹಂಗಾರ ಅದನ್ನ ಹೊಡದಾಂವ ನಿಮ್ಮಣ್ಣನ ಏನೋ?"

ಆಡಿದ ಮಾತನ್ನು ಕಾಕಾ ನುಂಗುವ ಹಾಗಿರಲಿಲ್ಲ. ಊರವರು ಅವನ ಚೀಲಗಳನ್ನು ನೋಡಿದರು, ಫೋಟೊ ನೋಡಿದರು, ಅವನ ಮುಖ ನೋಡಿದರು. ಈ ಸಲ ಒಬ್ಬರೂ ನಗಲಿಲ್ಲ. "ಹೂಂನ್ರಿ," ಎಂದ ಕೊನೆಗೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ಜೋರಾಗಿ ಹೇಳ್ರಿ, ಕಾಕಾ," ಎಂದೆ. ಹೇಳಿಸಿಯೇ ಬಿಟ್ಟೆ. ಜೀವನದಲ್ಲಿ ಅಷ್ಟು ತಣ್ಣಗೆ ನನ್ನ ಹೊಟ್ಟೆ ಎಂದೂ ಆಗಿರಲಿಲ್ಲ.

ನಾನು ಹೊರಟಾಗ ಕಾಕಾ ಫೋಟೊ ಬಿಡಲಿಲ್ಲ. "ಇದೊಂದು ನನಗ ಕೊಡವಾ. ನಮ್ಮಣ್ಣನ ಕೈ ಅದು," ಎಂದ. ಕಣ್ಣಲ್ಲಿ ನೀರಿತ್ತು. ಮೆಣಸಿನ ಘಾಟೂ ಇತ್ತು, ನೀರು ಯಾವುದರದೆಂದು ತಿಳಿಯುವುದು ನನಗೆ ಬೇಕಿರಲಿಲ್ಲ.

"ಕಪ್ಪು-ಬಸಿ ತೊಳ್ಯಾಂವನ ಫೋಟೊ ನಿಮಗ್ಯಾಕ್ರಿ?" ಎಂದು ಕಿತ್ತುಕೊಂಡೆ.

ಈಗ ಅದು ಕಟ್ಟು ಹಾಕಿಸಿಕೊಂಡು ನನ್ನ ಅಂಗಡಿಯ ಗೋಡೆಯ ಮೇಲಿದೆ, ಗಿರಾಕಿಗಳು ಕೂರುವ ಬೆಂಚಿನ ಎದುರಿಗೆ. ಗೋವಿನಜೋಳದ ಬೀಜಕ್ಕೆಂದು ಕಾಕಾ ವರ್ಷವರ್ಷವೂ ಬರುತ್ತಾನೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಗಳಿಗೇನೂ ಬರವಿಲ್ಲ, ಆದರೂ ನನ್ನಲ್ಲಿಗೇ ಬರುತ್ತಾನೆ. ಪ್ರತಿ ಸಲವೂ ಫೋಟೊದ ಒಂದು ಪ್ರತಿ ಕೇಳುತ್ತಾನೆ. ಅಪ್ಪ ಇದ್ದಿದ್ದರೆ ಗೋಡೆಯಿಂದಲೇ ಇಳಿಸಿ ಕೊಟ್ಟುಬಿಡುತ್ತಿದ್ದ. ನಾನು ಬೀಜದ ಚೀಲ ಹುಡುಕುವ ನೆಪ ಮಾಡಿ ಒಳಗೆ ಹೋಗಿ ತಡಮಾಡುತ್ತೇನೆ. ಅಷ್ಟು ಹೊತ್ತೂ ಅವನು ಅದರ ಎದುರಿಗೆ ಕೂತಿರಲಿ.