ಎಲ್ಲ ಕಲ್ಲೂ ಬಾರ್ಕೂರಿನದು

ವಾಸುದೇವ ಮಾಷ್ಟ್ರು ಮೊದಲು ಚೀಟಿ ಬರೆಯುತ್ತಿದ್ದರು, ಆಮೇಲೆ ಕನ್ನಡಕ ಹಾಕಿಕೊಂಡು ಕಲ್ಲು ನೋಡುತ್ತಿದ್ದರು. ಚೀಟಿಯಲ್ಲಿ ಬರೆಯುವುದು ಒಂದೇ: ‘ದೊರೆತ ಸ್ಥಳ: ಬಾರ್ಕೂರು.’ ಬ್ರಹ್ಮಾವರದ ಪಕ್ಕದ ಆ ಹಳೆಯ ರಾಜಧಾನಿಯಲ್ಲಿ ಸಿಕ್ಕಿದ್ದೆಂದರೆ ಮುರಿದ ಒರಳಿಗೂ ಒಂದು ಗತ್ತು.

ಅವರು ನಮ್ಮ ಕಾಲೇಜಿನ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದರು. ಯಾವ ವಸ್ತು ಎಲ್ಲಿಂದ ಬಂತೆಂದು ಪಟ್ಟಿ ಮಾಡುವ ಕೆಲಸಕ್ಕೆ ನಾನು ಸೇರಿದೆ. ಮೊದಲ ವಾರದ ನನ್ನ ಡೈರಿ ಹೀಗಿದೆ: ಒಟ್ಟು ಅರವತ್ತೆರಡು. ಬಾರ್ಕೂರು ಐವತ್ತೊಂದು, ಚೀಟಿ ಇಲ್ಲದ್ದು ಹತ್ತು, ಮಾಷ್ಟ್ರ ಕೊಡೆ ಒಂದು.

ಎಲ್ಲಕ್ಕೂ ಬಾರ್ಕೂರೇ ಯಾಕೆಂದು ಕೇಳಿದರೆ, “ಮಗಾ, ಹೆಮ್ಮಾಡಿ ಅಂತ ಬರ್ದ್ರೆ ಯಾರ್ ನಿಂತ್ ಕಾಂತ್ರ್? ಬಸ್ಸಿನ್ ಬೋರ್ಡ್ ಅಂದ್ಕಂಡ್ ಹೋತ್ರ್” ಎಂದರು.

ಅವರ ಹೆಮ್ಮೆಯೆಂದರೆ ಒಂದು ವೀರಗಲ್ಲು. ಅದರ ಅಂಚಿನ ಓರೆ ಗೀರುಗಳು ಯುದ್ಧದ ಕತ್ತಿಯೇಟುಗಳೆಂದು ಹದಿನೆಂಟು ಪುಟದ ಲೇಖನ ಬರೆದಿದ್ದರು. ಮಕ್ಕಳಿಗೆ ವಿವರಿಸುವಾಗ ಕೊಡೆಯನ್ನೇ ಬೀಸುತ್ತಿದ್ದರು. ಎರಡು ಸಲ ಬಲ್ಬ್ ಒಡೆದದ್ದು ನನ್ನ ಲೆಕ್ಕದಲ್ಲಿದೆ.

ಒಂದು ಮಂಗಳವಾರ ಬಿಜೂರಿನಿಂದ ಗಿರಿಜಕ್ಕ ಎಂಬ ಮುದುಕಿ ಬಂದರು. ಆ ಕಲ್ಲಿನ ಗೀರಿನೊಳಗೆ ಬೆರಳಿಟ್ಟರು.

“ಹ್ವಾಯ್ ಮಾಷ್ಟ್ರೆ, ಇದ್ ನಮ್ ಬಾವಿಕಟ್ಟೆ ಕಲ್ಲ್. ಈ ಗೀರ್ ಎಲ್ಲ ನಾನ್ ಕತ್ತಿ ಮಸ್ದದ್ದ್.”

“ಎಂತ ಕತ್ತಿ?”

“ಮೀನ್ ಕೊಯ್ಯು ಕತ್ತಿ.”

“ಅಮ್ಮಾ, ಇದ್ ಬಾರ್ಕೂರಿದ್.”

“ಹಂಗಾರೆ ನಾನ್ ಕೊಯ್ದ್ ಮೀನೂ ಬಾರ್ಕೂರಿದಾ?”

ನಾನು ನಕ್ಕೆ. ಗಿರಿಜಕ್ಕ ನಗಲಿಲ್ಲ. “ನಮ್ಮನಿಯೋರ್ ಈ ಕಲ್ಲನ್ನ ಕಳ್ಳ್ ಕುಡುಕೆ ಮಾರಿರ್ ಅಂತ ಮೈದನ್ದಿರ್ ಈಗ್ಳೂ ಹೇಳ್ತ್ರ್. ಅವ್ರ್ ಸತ್ತ್ ಹೋಯ್ರ್, ಉತ್ತರ ಕೊಡುಕೆ ಇಲ್ಲೆ. ಕಾಲೇಜಿಂದ್ ಬಂದೋರಿಗೆ ಸುಮ್ನೆ ಕೊಟ್ಟದ್ದ್ ಅಂತ ಬರೀರಿ. ಬಂದೋರ್ ನೀವೇ ಅಲ್ದಾ? ನಮ್ ತೆಂಗಿನ್ ಮರದ್ ಮೂರ್ ಬೊಂಡ ಕುಡ್ದಿದ್ರಿ.”

ಮಾಷ್ಟ್ರು ಕಿಟಕಿಯ ಕಡೆ ನೋಡಿದರು. “ನಂಗ್ ನೆನಪಿಲ್ಲೆ.”

ಆಕೆ ಹೋದ ಮೇಲೆ ನಾನು ಹಳೆಯ ಪೆಟ್ಟಿಗೆ ತೆರೆದೆ. ಊರೂರು ಸುತ್ತಿ ಕಲ್ಲು ತಂದ ಕಾಲದ ಒಂಬತ್ತು ಟಿಪ್ಪಣಿ ಪುಸ್ತಕಗಳಿದ್ದವು. ಆರನೆಯದರಲ್ಲಿ ಮಾಷ್ಟ್ರದೇ ಅಕ್ಷರ. ಕಲ್ಲಿನ ಉದ್ದ ಅಗಲ ಬರೆದಿರಲಿಲ್ಲ. ಬರೆದದ್ದು ಇಷ್ಟು: ‘ಬಿಜೂರು. ಮಂಜಯ್ಯನವರ ಬಾವಿಕಟ್ಟೆ. ಸಂತೋಷದಿಂದ ಕೊಟ್ಟರು. ಬೊಂಡ ಮೂರು.’

ಪುಸ್ತಕವನ್ನು ಅವರ ಮುಂದಿಟ್ಟೆ. ಈ ಸಲ ಕನ್ನಡಕ ಮೊದಲೇ ಹಾಕಿಕೊಂಡರು.

“ಹದ್ನೆಂಟ್ ಪುಟ, ಮಗಾ.”

“ಮೀನಿನ ಕತ್ತಿ, ಸರ್.”

ಹತ್ತು ದಿನ ಅವರು ಒಂದು ಚೀಟಿಯನ್ನೂ ಬರೆಯಲಿಲ್ಲ. ಹನ್ನೊಂದನೆಯ ದಿನ ಅವರ ನಿವೃತ್ತಿ. ಹಾರ ಹಾಕಿಸಿಕೊಂಡವರು ಬೀಗದ ಕೈ ಕೇಳಿ ಒಬ್ಬರೇ ಒಳಗೆ ಹೋದರು, ಅರ್ಧ ಗಂಟೆ ಬಿಟ್ಟು ಬಂದರು, ಕುಂದಾಪುರದ ಬಸ್ಸು ಹತ್ತಿದರು. ಮತ್ತೆ ಈ ಕಡೆ ಬರಲಿಲ್ಲ. ಕೊಡೆಗೂ ಬರಲಿಲ್ಲ.

ವೀರಗಲ್ಲಿಗೆ ಹೊಸ ಚೀಟಿ ಇತ್ತು. ನಾನು ಬಿಜೂರಿಗೆ ಫೋನ್ ಮಾಡಿದೆ. ಗಿರಿಜಕ್ಕ ಇಬ್ಬರು ಮೈದುನರನ್ನೂ ಕರೆತಂದು ಕಲ್ಲಿನ ಮುಂದೆ ನಿಲ್ಲಿಸಿ, “ದೊಡ್ಡಕ್ ಓದಿ” ಎಂದರು.

ಹಿರಿಯವನು ಓದಿದ: “ದೊರೆತ ಸ್ಥಳ: ಬಿಜೂರು. ಕೊಟ್ಟವರು: ಮಂಜಯ್ಯ. ಸಂತೋಷದಿಂದ, ಏನನ್ನೂ ಪಡೆಯದೆ.” ಅವನ ದನಿ ಕೊನೆಗೆ ಸಣ್ಣದಾಯಿತು. “ಕೆಳ್ಗೆ ಇನ್ನೊಂದ್ ಗೆರೆ ಇತ್ತ್, ಅತ್ಗೆ. ‘ಅದಕ್ಕೂ ಮೊದಲು ಬಾರ್ಕೂರಿನಲ್ಲಿ ಇದ್ದಿರಬಹುದು.’”

ಗಿರಿಜಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಇರ್ಲಿ ಬಿಡ್. ಮಾಷ್ಟ್ರಿಗೂ ಒಂದ್ ಗೆರೆ ಬೇಕಲ್ದಾ.”