ಎರಡು ಸಲ ಬೀಪ್ ಅಂದರೆ ಸರಿ

ಕೇಳಿಸದಿದ್ದರೂ "ಹ್ಞಾಂ, ಹ್ಞಾಂ" ಎಂದು ತಲೆ ಆಡಿಸುವುದು ಸುಳ್ಳಿನ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಬರುವುದಾದರೆ ಮೂರು ವರ್ಷ ನಾನು ದಿನಕ್ಕೆ ಹತ್ತಾರು ಸುಳ್ಳು ಹೇಳಿದ್ದೇನೆ. ನೆಂಟರ ಮದುವೆಯೊಂದರಲ್ಲಿ ಪರಿಚಯದವರು ತಮ್ಮ ಸೋದರಮಾವ ತೀರಿಕೊಂಡದ್ದನ್ನು ಹೇಳಿದರೆ "ಭಾಳ ಛಲೋ ಆತ್ರಿ" ಎಂದು ಅವರ ಕೈ ಕುಲುಕಿದವನು ನಾನು. ಮಂದವಾದ ಕಿವಿಯ ಒಂದು ಅನುಕೂಲವೆಂದರೆ ಅದು ಹೊರಗೆ ಕಾಣುವುದಿಲ್ಲ. ಅನನುಕೂಲವೆಂದರೆ ನನ್ನ ಉದ್ಯೋಗ. ಬೆಳಗಾವಿಯಲ್ಲಿ ಫೋನು, ಧ್ವನಿವರ್ಧಕಗಳನ್ನು ಜೋಡಿಸಿಕೊಡುವ ಕೆಲಸ ನನ್ನದು. ನಾಲಗೆಗೆ ರುಚಿ ತಿಳಿಯದ ಅಡುಗೆಯವನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆಯೇ? ನಾನೂ ಹೇಳಲಿಲ್ಲ.

ಹೀಗಿರುವಾಗ ಖಾನಾಪುರದ ಹತ್ತಿರದ ಒಂದು ಹೆಂಚಿನ ಕಾರ್ಖಾನೆಯಿಂದ ಕರೆ ಬಂತು. ಅಲ್ಲಿನ ಸುಪರ್‌ವೈಸರ್ ಗುರುನಾಥ. ಅವರ ಕೋಣೆಯ ಫೋನಿನಲ್ಲಿ ಒಂದು ನಂಬರು ಒತ್ತಿ ಮಾತಾಡಿದರೆ ಮಾತು ಕಾರ್ಖಾನೆಯ ನಾಲ್ಕೂ ಭೋಂಗಾಗಳಲ್ಲಿ, ಅಂದರೆ ಧ್ವನಿವರ್ಧಕಗಳಲ್ಲಿ, ಹೊರಡಬೇಕು. ಇದಕ್ಕೆ ಫೋನಿಗೂ ಭೋಂಗಾಕ್ಕೂ ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ ಕೂರಿಸುತ್ತೇವೆ. ಅದರೊಳಗೆ ಹೆಚ್ಚುವರಿಯಾಗಿ ಒಂದು ರಿಲೇ ಇರುತ್ತದೆ; ಕರೆ ಬಂದ ಕೂಡಲೇ ತಾನಾಗಿ ಕೂಡಿಕೊಳ್ಳುವ ಸ್ವಿಚ್ಚು ಎನ್ನಿ. ಅದಕ್ಕೆ ಏನು ಜೋಡಿಸಿದರೂ ಅದು ಚಾಲೂ ಆಗುತ್ತದೆ. ಬಹಳ ಕಡೆ ಅದು ಇದೆಯೆಂದೇ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಅದು ಬೇಕಾಗಿತ್ತು. ಮಣ್ಣು ಸಾಗಿಸುವ ಬೆಲ್ಟಿಗೆ ಅಂಟಿದ ಮಣ್ಣನ್ನು ಖುರಪಿಯಿಂದ ಕೆರೆದು ತೆಗೆಯುವವರು ಮಲ್ಲವ್ವ. ಮಣ್ಣು ಅರೆಯುವ ಯಂತ್ರದ ಬಾಜುವಿನಲ್ಲೇ ವರ್ಷಗಟ್ಟಲೆ ನಿಂತು ಅವರ ಕಿವಿ ಪೂರ್ತಿ ಹೋಗಿತ್ತು. ಬೆಲ್ಟು ಶುರುವಾಗುವ ಮುಂಚೆ ಗುರುನಾಥ ಆವರೆಗೆ ಮೈಕು ಹಿಡಿದು ಭೋಂಗಾದಲ್ಲಿ ಎಚ್ಚರಿಸುತ್ತಿದ್ದರು. ಮಲ್ಲವ್ವನಿಗೆ ಮಾತ್ರ ಅವರ ಕೋಣೆಯಿಂದ ಯಾರಾದರೂ ಓಡಿಹೋಗಿ ಭುಜ ಮುಟ್ಟಿ ಹೇಳಬೇಕಿತ್ತು. ಈಗ ಅವರೆದುರು ಒಂದು ಕೆಂಪು ದೀಪ ಹಾಕಿ ರಿಲೇಗೆ ಜೋಡಿಸಬೇಕು ಎಂದು ನಿಶ್ಚಯವಾಯಿತು.

ದೀಪ ಹೇಗೆ ಉರಿಯಬೇಕೆಂಬುದನ್ನು ಪೆಟ್ಟಿಗೆಗೆ ಫೋನಿನ ಮೂಲಕವೇ ಹೇಳಬೇಕು. ಒಂದು ಅಂಕಿ ಒತ್ತಿದರೆ ಕರೆ ಬಂದಾಗ ಕ್ಷಣಮಾತ್ರ ಹೊತ್ತಿ ಆರುತ್ತದೆ, ಇನ್ನೊಂದು ಒತ್ತಿದರೆ ಮಾತು ಮುಗಿಯುವ ತನಕ ಉರಿಯುತ್ತದೆ. ಹೊಸ ಪೆಟ್ಟಿಗೆ ಮೊದಲನೆಯ ರೀತಿಯಲ್ಲಿ ಬರುತ್ತದೆ; ನಮಗೆ ಬೇಕಾದದ್ದು ಎರಡನೆಯದು. ನಾವು ಬದಲಿಸಿದ್ದು ಅದಕ್ಕೆ ಒಪ್ಪಿಗೆಯಾದರೆ ಎರಡು ಸಲ ಬೀಪ್ ಅನ್ನುತ್ತದೆ. ಆಗದಿದ್ದರೆ ಒಂದೇ ಉದ್ದನೆಯ ಬೀಪ್. ನಾನು ಅಂಕಿಗಳನ್ನು ಒತ್ತಿದೆ. ಏನೋ ಒಂದು ಸದ್ದು ಬಂದ ಹಾಗಾಯಿತು. ಎರಡು ಸಲ ಬಂತೆಂದು ನಾನೇ ತೀರ್ಮಾನಿಸಿದೆ. ಗುರುನಾಥ ಒಮ್ಮೆ "ಹಲೋ" ಎಂದರು, ದೀಪ ಹೊತ್ತಿತು, ಅದನ್ನೇ ನೋಡುತ್ತ ನಿಂತಿದ್ದ ಮಲ್ಲವ್ವ ನಕ್ಕರು. "ಆತ್ರಿ, ಮುಗೀತು" ಎಂದು ಹೇಳಿ ಊರಿಗೆ ಬಂದೆ.

ಮೂರನೆಯ ದಿನ ಗುರುನಾಥರ ಫೋನು. ಅವರ ದನಿ ಎಂಥ ಕಿವಿಗೂ ಇಳಿಯುವಂಥದ್ದು.

"ನಿಮ್ಮ ದೀಪ ಮಿಣಕ್ ಅಂದು ಆರಿಹೋತ್ರಿ. ಮಲ್ಲವ್ವ ತಲಿ ಬಗ್ಗಿಸಿ ಕೆರ್ಯಾಕತ್ತಿದ್ಲು, ನೋಡಲಿಲ್ಲ. ದೀಪ ಐತೆಲ್ಲಾ ಅಂತ ಹೇಳಾಕ ಯಾರೂ ಹೋಗಿದ್ದಿಲ್ಲ. ಬೆಲ್ಟ್ ಆಕಿ ಕೈಯಾಗಿನ ಖುರಪಿ ಎಳಕೊಂಡ್ ಹೋತು. ಕೈ ಉಳದದ್ದು ನಶೀಬ."

ಮರುದಿನ ಮೊದಲ ಬಸ್ಸಿಗೇ ಹೋದೆ. ಗುರುನಾಥರ ಮೇಜಿನ ಮೇಲೆ ಖುರಪಿ ಬಿದ್ದಿತ್ತು; ತಗಡು ಮಡಚಿ, ಹಿಡಿ ಸೀಳಿತ್ತು. ಗುರುನಾಥ ಮೇಜಿನ ಹಿಂದೆ, ಮಲ್ಲವ್ವ ಬಾಗಿಲ ಬಳಿ ಕುಳಿತಿದ್ದರು. ನಾನು ಯಾರ ಕಡೆಗೂ ನೋಡದೆ ಫೋನ್ ಸಿಕ್ಕಿಸಿ ಅಂಕಿ ಒತ್ತಿದೆ. ರಿಸೀವರನ್ನು ಕಿವಿಗೆ ಅದುಮಿ ಹಿಡಿದೆ. ಒಂದೋ, ಎರಡೋ? ಮತ್ತೆ ಒತ್ತಿದೆ. "ಹ್ಞಾಂ, ಆತು" ಎಂದು ಇನ್ನೇನು ಹೇಳಬೇಕು, ಆಗ ಮಲ್ಲವ್ವ ಕಿವಿ ಹೋದವರ ಆ ದೊಡ್ಡ ದನಿಯಲ್ಲಿ ಕೇಳಿದರು:

"ಸಾಹೇಬ್ರ, ನಿಮಗೂ ಕೇಳೂದಿಲ್ಲ, ಹೌದಲ್ರಿ?"

ನಾನು ಬೆಪ್ಪಾಗಿ ನೋಡಿದೆ.

"ಈ ಗುರುನಾಥ ಸಾಹೇಬ್ರು ಮಾತಾಡೂಮುಂದ ನೀವು ಇವರ ಕಣ್ಣ ನೋಡೂದಿಲ್ಲ, ಬಾಯಿ ನೋಡ್ತೀರಿ. ನಾನೂ ಹಂಗ ಮಾಡ್ತೀನ್ರಿ, ಭಾಳ ವರ್ಷ ಆತು."

ಇಷ್ಟು ದಿನ ಮನೆಯವರಿಗೂ ಸಿಕ್ಕದೆ ತಪ್ಪಿಸಿಕೊಂಡಿದ್ದೆ. ಫೋನು ಹಳೆಯದು, ತಂತಿ ಸಡಿಲು ಎನ್ನಲು ನಾಲಗೆಯ ಮೇಲೆ ಎರಡು ಮೂರು ಮಾತು ತಯಾರಾಗಿಯೇ ಇದ್ದವು. ಮೇಜಿನ ಮೇಲಿನ ಖುರಪಿ ಅವನ್ನು ಆಡಗೊಡಲಿಲ್ಲ. ಅವರಿಗೆ ತುಟಿ ಕಾಣುವಂತೆ ತಿರುಗಿ ನಿಧಾನವಾಗಿ ಹೇಳಿದೆ: "ಹೌದ್ರಿ ಅಕ್ಕಾರ. ಅವತ್ತೂ ನನಗ ಬರೋಬ್ಬರಿ ಕೇಳಿರಲಿಲ್ಲ. ಕೇಳೇತಿ ಅಂದ್ಕೊಂಡೆ. ತಪ್ಪು ನಂದ."

ಗುರುನಾಥರ ಮುಖ ಕೆಂಪಾಯಿತು. "ಅಂದ್ರ, ಈಕಿ ಕೈ ಹೋಗಿದ್ರ ಏನ್ ಮಾಡ್ತಿದ್ರಿ?"

ನಾನು ರಿಸೀವರನ್ನು ಮೇಜಿನ ಮೇಲೆ ಇಟ್ಟೆ.

ಮಲ್ಲವ್ವನೇ ಕೈ ಅಡ್ಡ ಮಾಡಿದರು. "ಹೋಗಿಲ್ಲಲ್ಲಾ. ಬೈಯೂದು ಆಮ್ಯಾಲ. ನಿಮಗ ಕೇಳತೈತಿ, ನೀವು ಕೇಳ್ರಿ. ಅವರು ಒತ್ತಲಿ."

ಹಾಗೆಯೇ ಮಾಡಿದೆವು. ನಾನು ಅಂಕಿ ಒತ್ತಿದೆ, ಗುರುನಾಥ ರಿಸೀವರ್ ಹಿಡಿದು ಕೇಳಿ ಬೆರಳು ಎತ್ತಿದರು. ಒಂದೇ ಬೆರಳು. ಅಂದರೆ ಪೆಟ್ಟಿಗೆ ಒಪ್ಪಿರಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ತೆಗೆದು ಓದಿದೆ. ಕೊನೆಯಲ್ಲಿ ನಕ್ಷತ್ರದ ಗುಂಡಿ ಒತ್ತುವುದನ್ನು ಬಿಟ್ಟಿದ್ದೆ. ಅದನ್ನೂ ಒತ್ತಿದೆ. ಎರಡು ಬೆರಳು ಮೇಲೆ ಹೋದವು.

ಮಲ್ಲವ್ವನ ಜೊತೆ ನಾನು ಬೆಲ್ಟಿನ ಬಳಿ ಹೋಗಿ ನಿಂತೆ. ಈ ಸಲ ಗುರುನಾಥ "ಹಲೋ"ಗೆ ನಿಲ್ಲಿಸದೆ ಒಂದು ಸಣ್ಣ ಭಾಷಣವನ್ನೇ ಮಾಡಿದರು. ಅಷ್ಟು ಹೊತ್ತೂ ದೀಪ ಉರಿಯಿತು. ಮಲ್ಲವ್ವ ಬಗ್ಗಿ ಕೆರೆಯುವ ಹಾಗೆ ಮಾಡಿ, ತಲೆ ಎತ್ತಿ ದೀಪ ನೋಡಿ, ಹಿಂದೆ ಸರಿದು ನಿಂತರು. ಆಗ ಒಂದು ವಿಚಿತ್ರ ಕಂಡಿತು. ಅವರು ಸರಿದದ್ದನ್ನು ನೋಡಿ ಬೆಲ್ಟಿನ ಉದ್ದಕ್ಕೂ ಇದ್ದ ಆರೇಳು ಜನರೂ ಸರಿದರು.

"ಬರೇ ದೀಪದ ಪರೀಕ್ಷೆ ಅಂತ ಭೋಂಗಾದಾಗ ಹೇಳಿದ್ದು ಕೇಳಲಿಲ್ಲೇನು?" ಗುರುನಾಥ ಹೊರಗೆ ಬಂದು ಕೇಳಿದರು.

ಹೆಂಚು ಜೋಡಿಸುತ್ತಿದ್ದ ದತ್ತು ಎಂಬವರು ಸಂಕೋಚದಿಂದ ತಲೆ ಕೆರೆದುಕೊಂಡರು. "ಖರೇ ಹೇಳ್ಲೇನ್ರಿ ಸಾಹೇಬ್ರ? ಈ ಗದ್ದಲದಾಗ ನಿಮ್ಮ ಭೋಂಗಾ ಯಾರಿಗೂ ತಿಳ್ಯೂದಿಲ್ರಿ. ಮಲ್ಲವ್ವಕ್ಕನ ಭುಜಾ ಮುಟ್ಟಾಕ ಯಾರರ ಓಡ್ತಿದ್ರಲ್ಲಾ, ಅದನ್ನ ನೋಡಿ ನಾವೂ ಸರೀತಿದ್ವಿ. ನಮ್ಮ ಕಡೆನೂ ಒಂದೊಂದು ದೀಪ ಹಾಕಸ್ರಿ."

ಮಲ್ಲವ್ವನಿಗೆ ಇದನ್ನು ತಿಳಿಸಿ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗುರುನಾಥ ನಗಲಿಲ್ಲ. ಆದರೆ ಅದೇ ವಾರ ಇನ್ನೂ ಮೂರು ದೀಪ ತರಿಸಿದರು.

ನಾನು ಬೆಳಗಾವಿಯಲ್ಲಿ ವೈದ್ಯರಿಗೆ ತೋರಿಸಿ ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡೆ. ಮೂರು ದೀಪ ಜೋಡಿಸಲು ಹೋದಾಗ ಪೆಟ್ಟಿಗೆಯ ಬೀಪುಗಳು ಸ್ಪಷ್ಟವಾಗಿ ಕೇಳಿದವು, ಎರಡೂ. ಆ ಹೆಮ್ಮೆಯಲ್ಲೇ ಬೆಲ್ಟಿನ ಹತ್ತಿರ ಹೋಗಿ ನಿಂತೆ. ಭೋಂಗಾದಲ್ಲಿ ಗುರುನಾಥ ಏನೋ ಹೇಳತೊಡಗಿದರು. ದುಬಾರಿ ಯಂತ್ರಗಳೆರಡೂ ತಮ್ಮ ಶಕ್ತಿಮೀರಿ ಕೇಳಿದವು. ಒಂದು ಅಕ್ಷರವೂ ತಿಳಿಯಲಿಲ್ಲ. ಎಲ್ಲರಂತೆ ನಾನೂ ದೀಪ ನೋಡಿ ಹಿಂದೆ ಸರಿದೆ.