ತೇಪೆರಾಯನ ಪೂರ್ತಿ ಪ್ರತಿ

ನೀರು ಸರಬರಾಜು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಎಲ್ಲರಿಗೂ ಅವನು ತೇಪೆರಾಯ. ಪುಣ್ಯಾತ್ಮ ಆ ಹೆಸರನ್ನು ದುಡಿದು ಸಂಪಾದಿಸಿದ್ದ.

ಊರಿನ ನೆಲದಡಿಯ ಕೊಳವೆಗಳೆಲ್ಲ ಒಂದೇ ಒಂದು ಭಾರಿ ಫೈಲಿನಲ್ಲಿದ್ದವು. ಆ ನಕ್ಷೆ ಬರೆಯುತ್ತಿದ್ದವರು ಪಕ್ಕದ ಮೇಜಿನ ನಕ್ಷೆಯಕ್ಕ. ಇಡೀ ದಿನ ಕೂತರೂ ಬದಲಾಗುತ್ತಿದ್ದುದು ಒಂದು ವಾಲ್ವು, ಒಂದು ಬೀದಿಯ ಪೈಪು. ಅಷ್ಟಕ್ಕೆ ದಿನಾ ಪೂರ್ತಿ ಫೈಲನ್ನು ನಕಲು ಮಾಡಿದರೆ ಡಿಸ್ಕು ಎಷ್ಟು ದಿನ ಬಂದೀತು? ತೇಪೆರಾಯ ಫೈಲನ್ನು ಚೂರು ಚೂರಾಗಿಸಿ, ನಿನ್ನೆಯದರ ಜೊತೆ ಹೋಲಿಸಿ, ಬದಲಾದ ಚೂರುಗಳನ್ನಷ್ಟೇ ತೆಗೆದಿಡುವ ವ್ಯವಸ್ಥೆ ಮಾಡಿದ. "ಅಂಗಿ ಒಂದ್ಕಡೆ ಹರಿದ್ರೆ ತೇಪೆ ಹಾಕ್ತೀವಿ. ಹೊಸ ಅಂಗಿ ಹೊಲಿಸ್ತೀವಾ?" ಎಂದು ಬಂದವರಿಗೆಲ್ಲ ಹೇಳುವನು. ಮೊದಲ ದಿನದ ಪೂರ್ತಿ ಪ್ರತಿಯ ಮೇಲೆ ತೇಪೆಗಳನ್ನು ಒಂದೊಂದಾಗಿ ಹಚ್ಚುತ್ತ ಬಂದರೆ ಇವತ್ತಿನ ನಕ್ಷೆ ಸಿಗುತ್ತಿತ್ತು. ವರ್ಷಗಟ್ಟಲೆಯ ನಕಲುಗಳು ಅಂಗೈಯಗಲದ ಡಿಸ್ಕಿನಲ್ಲಿ ಮುದುಡಿ ಮಲಗಿದ್ದವು.

ಮನೆಯಲ್ಲೂ ಅದೇ ಚಾಳಿ. "ಇವತ್ತೇನಾಯ್ತು?" ಎಂದು ಹೆಂಡತಿ ಕೇಳಿದರೆ, "ನಿನ್ನೆ ಹಾಗೇ. ಲಿಫ್ಟ್ ರಿಪೇರಿ ಆಯ್ತು" ಅನ್ನುವನು.

"ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೇನ್ರೀ?"

"ಹೊಸದಿದ್ರೆ ತಾನೇ ಹೇಳೋದು?"

ನಕ್ಷೆಯಕ್ಕನಿಗೆ ತೇಪೆಗಳ ಮೇಲೆ ನಂಬಿಕೆಯಿರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ, ಇಡೀ ನಕ್ಷೆಯನ್ನು ಸ್ವಂತದ ಡಿಸ್ಕಿಗೆ ನಕಲು ಮಾಡಿಕೊಳ್ಳುವಾಗ ತೇಪೆರಾಯನಿಗೆ ಸಿಕ್ಕಿಬಿದ್ದರು. "ಅಕ್ಕಾ, ಸುಮ್ನೆ ಜಾಗ ದಂಡ. ಅಳಿಸಿಬಿಡಿ" ಎಂದ. "ಆಯ್ತಪ್ಪ, ಅಳಿಸ್ತೀನಿ" ಎಂದರು ಅಕ್ಕ.

ಅಕ್ಕನ ನಿವೃತ್ತಿ ಹತ್ತಿರ ಬಂತು. ನಕ್ಷೆಯನ್ನು ಒಪ್ಪಿಸಿ ಹೋಗಬೇಕು ಎನ್ನುವಾಗ ಅದಿದ್ದ ಕಚೇರಿಯ ದೊಡ್ಡ ಡಿಸ್ಕು ಸತ್ತಿತು. ತೇಪೆರಾಯ ಶಿಳ್ಳೆ ಹಾಕುತ್ತಲೇ ಕೂತ. ತನ್ನ ಕಲೆ ತೋರಿಸುವ ದಿನ ಬಂತಲ್ಲ! ತೇಪೆಗಳು ಸರಸರ ಹತ್ತಿದವು. ಹೋದ ಮಳೆಗಾಲದ ಒಂದು ತೇಪೆಯ ಹತ್ತಿರ ಎಲ್ಲ ನಿಂತುಬಿಟ್ಟಿತು. ಅದು ಕೆಟ್ಟಿತ್ತು. ಮುಂದಿನ ತೇಪೆಗಳೆಲ್ಲ ಚೆನ್ನಾಗಿಯೇ ಇದ್ದವು, ಆದರೆ ಅವನ್ನು ಹಚ್ಚಲು ಕೆಳಗೆ ಬಟ್ಟೆ ಇರಲಿಲ್ಲ. ಮಳೆಗಾಲದಿಂದೀಚೆಗಿನ ಅಕ್ಕನ ಕೆಲಸವೆಲ್ಲ ನೀರುಪಾಲು. ಡಿಸ್ಕಿಗಿಂತ ಹೆಚ್ಚಾಗಿ ಅಕ್ಕನ ಮುಖ ನೋಡುವುದೇ ಅವನಿಗೆ ಭಯವಾಗಿತ್ತು.

ಎದ್ದು ಹೋಗಿ ನಿಂತು ಎಲ್ಲ ಹೇಳಿದ. ಅಕ್ಕ ಡ್ರಾಯರ್ ಎಳೆದು, ಕನ್ನಡಕದ ಡಬ್ಬಿಯ ಕೆಳಗಿಂದ ತಮ್ಮ ಆ ಡಿಸ್ಕು ತೆಗೆದು ಅವನ ಕೈಗಿಟ್ಟರು.

"ಅಳಿಸ್ತೀನಿ ಅಂದಿದ್ರಲ್ಲಕ್ಕ."

"ಅಂದಿದ್ದೆ. ನಿನ್ನ ಮನಸ್ಸು ಯಾಕೆ ನೋಯಿಸ್ಲಿ ಅಂತ."

ಆ ನಕಲು ಮಳೆಗಾಲ ಮುಗಿದ ಮೇಲಿನದು. ಅಲ್ಲಿಂದ ಮುಂದಿನ ತೇಪೆಗಳು ಒಂದೂ ತಪ್ಪದೆ ಹತ್ತಿದವು. ನಿನ್ನೆಯ ವಾಲ್ವು ಪರದೆಯ ಮೇಲೆ ಮೂಡಿದಾಗ ಅಕ್ಕ ಅವನ ಬೆನ್ನು ತಟ್ಟಿದರು. "ಬಟ್ಟೆ ನಂದು, ತೇಪೆ ನಿಂದು. ಇನ್ಮೇಲೆ ತಿಂಗಳಿಗೊಂದ್ಸಲ ಪೂರ್ತಿ ತಗೋ, ನಡುವೆ ಎಷ್ಟು ಬೇಕಾದ್ರೂ ತೇಪೆ ಹಾಕ್ಕೋ." ತೇಪೆರಾಯ ಹೂಂಗುಟ್ಟಿದ.

ಸಂಜೆ ಹೆಂಡತಿ, "ಏನು, ನಿನ್ನೆ ಹಾಗೇನಾ?" ಎಂದಳು.

"ಇಲ್ಲ. ಕೂತ್ಕೋ, ಮೊದಲಿಂದ ಹೇಳ್ತೀನಿ."

"ಯಾವ ಮೊದಲಿಂದ?"

"ಕೆಲಸಕ್ಕೆ ಸೇರಿದ ದಿನದಿಂದ."

ಆಕೆ ಒಲೆ ಆರಿಸಿ ಬಂದು ಕೂತಳು. ಮೊದಲ ದಿನ ದಾರಿ ತಪ್ಪಿ ನಿಂತವನನ್ನು ಅಕ್ಕ ಕರೆದು ಕುರ್ಚಿ ತೋರಿಸಿದ್ದು, ಅವನಿಗೆ ಜ್ವರ ಬಂದಾಗ ಅವನ ಕೆಲಸವನ್ನೂ ತಾವೇ ಮಾಡಿದ್ದು, ದಿನಾ ತಮ್ಮ ಊಟದ ಡಬ್ಬಿಯಲ್ಲಿ ಅವನಿಗೊಂದು ಪಾಲು ತರುತ್ತಿದ್ದುದು, ಎಲ್ಲ ಹೇಳಿದ. ಮುಂದಿನ ವಾರದಿಂದ ಅವರು ಬರುವುದಿಲ್ಲ ಎನ್ನುವುದನ್ನೂ ಹೇಳಿದ.

"ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ಇಂಥವರೊಬ್ರಿದ್ರು ಅಂತ ನನಗೆ ಒಂದಿನಾನೂ ಹೇಳ್ಲಿಲ್ವಲ್ರೀ" ಎಂದಳು ಹೆಂಡತಿ.

"ಅವರು ಒಂದಿನಾನೂ ಬದಲಾಗ್ಲಿಲ್ಲ ಕಣೇ" ಎಂದ ತೇಪೆರಾಯ.